ಹೊಲದ ಗುಣಿಯಿಂದ ನಡುಮನೆಗೆ

ಮೊಳಕಾಲ್ಮೂರು ತಾಲ್ಲೂಕಿನ ಉತ್ತರ ಭಾಗದಲ್ಲಿ, ಒಂದು ಕಡೆ ಬಳ್ಳಾರಿಯ ಸೀಮೆಗೂ ಇನ್ನೊಂದು ಕಡೆ ಆಂಧ್ರದ ರಾಯದುರ್ಗದ ಸೀಮೆಗೂ ಮೈತಾಗಿಸಿಕೊಂಡಿರುವ ದೇವಸಮುದ್ರದ ಹೋಬಳಿಯು ಮಳೆಯ ವಿಷಯದಲ್ಲಿ ಎಷ್ಟು ದರಿದ್ರವೋ ಸತ್ತವರ ವಿಷಯದಲ್ಲಿ ಅಷ್ಟೇ ಶ್ರೀಮಂತವಾದ ನೆಲ. ಬೋಳು ಗುಡ್ಡಗಳು, ಅವುಗಳ ಬುಡದಲ್ಲಿ ಉರುಳಿಬಿದ್ದ ಹೆಬ್ಬಂಡೆಗಳು, ಶೇಂಗಾ ಜೋಳ ಸಜ್ಜೆಗಳನ್ನು ಬೆಳೆಯುವ ಮಳೆಯಾಶ್ರಯದ ಹೊಲಗಳು, ಹೊಲದ ಬದುವಿನಲ್ಲಿ ಬೇಲಿಯ ಜಾಲಿ, ಹಳದಿ ಹೂವಿನ ತಂಗಡಿ: ಇದಿಷ್ಟನ್ನು ನೋಡಿ ಮುಂದೆ ಹೋಗುವ ಪಯಣಿಗನಿಗೆ ಆ ಬದುಗಳ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಕಲ್ಲುಗುಪ್ಪೆಗಳು ಉಳುವಾಗ ಆರಿಸಿ ಹಾಕಿದ ಕಲ್ಲುಗಳಂತೆಯೇ ತೋರುತ್ತವೆ. ಅವುಗಳಲ್ಲಿ ಕೆಲವು ನಿಜವಾಗಿ ಹಾಗೆಯೇ ಬಂದವು. ಮತ್ತೆ ಕೆಲವು ಆ ಹೊಲವನ್ನು ಉತ್ತವರ ಸಮಾಧಿಗಳು. ಯಾವುದು ಯಾವುದೆಂಬುದನ್ನು ಆ ಮನೆಯವರೇ ಬಲ್ಲರು, ಅದೂ ಎರಡು ತಲೆಮಾರಿನವರೆಗೆ ಮಾತ್ರ.

ಈ ಎರಡು ತಲೆಮಾರಿನ ಅವಧಿಯೇ ಈ ಬರಹದ ವಿಷಯ. ಸತ್ತವನು ಎಲ್ಲಿರುತ್ತಾನೆ, ಹೂತ ಗುಣಿಯಲ್ಲಿಯೋ ಬದುಕಿದ ಮನೆಯಲ್ಲಿಯೋ ಎಂಬ ಪ್ರಶ್ನೆಯನ್ನು ಎಲ್ಲ ಜನಾಂಗಗಳೂ ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡಿವೆ. ಉತ್ತರವನ್ನು ಗ್ರಂಥದಲ್ಲಿ ಬರೆದಿಟ್ಟವರಿಗಿಂತ, ಎಡೆಯನ್ನು ಎಲ್ಲಿ ಇಡುತ್ತೇವೆಂಬ ಆಚರಣೆಯಲ್ಲಿ ಸೂಚಿಸಿದವರೇ ಹೆಚ್ಚು. ದೇವಸಮುದ್ರದ ಸೀಮೆಯಲ್ಲಿ ಈ ಉತ್ತರವು ಮೂರು ಸಾವಿರ ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆಯೆಂಬುದಕ್ಕೆ ಮಣ್ಣಿನೊಳಗಿನ ಸಾಕ್ಷ್ಯವೂ ಮಣ್ಣಿನ ಮೇಲಿನ ಸಾಕ್ಷ್ಯವೂ ಉಂಟು.

ಮಣ್ಣಿನೊಳಗಿನ ಸಾಕ್ಷ್ಯವನ್ನು ಮೊದಲು ನೋಡೋಣ. ಇದೇ ತಾಲ್ಲೂಕಿನ ಸಿದ್ದಾಪುರದ ಬಳಿಯ ಬ್ರಹ್ಮಗಿರಿಯು 1892ರಲ್ಲಿ ಬಿ.ಎಲ್. ರೈಸರು ಅಶೋಕನ ಶಾಸನಗಳನ್ನು ಅಲ್ಲಿ ಗುರುತಿಸಿದಂದಿನಿಂದ ವಿದ್ವಾಂಸರಿಗೆ ಪರಿಚಿತವಾದ ಸ್ಥಳ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣರು ಅಲ್ಲಿ ಮೊದಲು ಅಗೆದು ನೋಡಿದರು. ಅನಂತರ 1947ರಲ್ಲಿ, ಭಾರತದ ಪುರಾತತ್ತ್ವ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರರು ವಿಸ್ತಾರವಾದ ಉತ್ಖನನವನ್ನು ನಡೆಸಿದರು. ಗುಡ್ಡದ ಇಳಿಜಾರಿನ ವಸತಿಯ ಅತ್ಯಂತ ಕೆಳಗಣ ಸ್ತರಗಳಲ್ಲಿ, ಅಂದರೆ ಕಬ್ಬಿಣವನ್ನು ಇನ್ನೂ ಅರಿಯದೆ ನಯಗೊಳಿಸಿದ ಕಲ್ಲಿನ ಕೊಡಲಿಗಳಿಂದ ಬಾಳಿದವರ ಕಾಲದಲ್ಲಿ, ಸತ್ತ ಕೂಸುಗಳನ್ನು ಮಡಕೆಯೊಳಗೆ ಮುದುಡಿಸಿ ವಾಸದ ನೆಲೆಯ ನಡುವೆಯೇ ಹುಗಿದಿದ್ದುದು ಕಂಡುಬಂದಿತು; ದೊಡ್ಡವರನ್ನು ಗುಂಡಿಯಲ್ಲಿ ನೀಳವಾಗಿ ಮಲಗಿಸಿದ್ದರು. ಒಲೆ ಉರಿಯುವ ಜಾಗಕ್ಕೂ ಸತ್ತ ಮಗುವಿನ ಮಡಕೆಗೂ ನಡುವೆ ಅವರು ಹೆಚ್ಚು ದೂರವನ್ನು ಇಟ್ಟುಕೊಳ್ಳಲಿಲ್ಲ. ಸೂತಕದ ಕಲ್ಪನೆಯಲ್ಲಿ ಬೆಳೆದ ನಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಕೂಸನ್ನು ಕಳೆದುಕೊಂಡ ಯಾವ ತಾಯಿಗೂ ಇದರಲ್ಲಿ ವಿಚಿತ್ರವೇನೂ ಕಾಣದೆಂದು ನನ್ನ ನಂಬಿಕೆ.

ಇವರ ಬಳಿಕ ಕಬ್ಬಿಣದ ಜನರು ಬಂದರು, ಅಥವಾ ಇದ್ದ ಜನರೇ ಕಬ್ಬಿಣವನ್ನು ಕಲಿತರು. ಆ ವಿವಾದ ಇಲ್ಲಿ ಅನಗತ್ಯ. ನಮಗೆ ಮುಖ್ಯವಾದುದು, ಸತ್ತವರು ವಸತಿಯನ್ನು ಬಿಟ್ಟು ಹೊರಗೆ ಹೋದರೆಂಬುದು. ಬೆಟ್ಟದ ಬುಡದ ಬಯಲಿನಲ್ಲಿ ಕಲ್ಲಿನ ವೃತ್ತಗಳು ನೂರಾರು ಸಂಖ್ಯೆಯಲ್ಲಿ ಎದ್ದವು. ಅವುಗಳಲ್ಲಿ ಹತ್ತನ್ನು ಆರಿಸಿ ವೀಲರರು ಅಗೆಯಿಸಿದಾಗ ಆರು ಕಲ್ಲುಗೂಡುಗಳಾಗಿದ್ದವು, ನಾಲ್ಕು ಬರಿಯ ಗುಂಡಿಗಳು. ಕಲ್ಲುಗೂಡೆಂದರೆ, ನಾಲ್ಕು ದೊಡ್ಡ ಕಣಶಿಲೆಯ ಚಪ್ಪಡಿಗಳನ್ನು ಒಂದರ ಅಂಚು ಮತ್ತೊಂದನ್ನು ಒತ್ತಿ ಹಿಡಿಯುವಂತೆ ಸ್ವಸ್ತಿಕದ ಕ್ರಮದಲ್ಲಿ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿ, ಮೂಡಣ ದಿಕ್ಕಿನ ಚಪ್ಪಡಿಯಲ್ಲಿ ದುಂಡಗೆ ಒಂದು ಕಂಡಿಯನ್ನು ಕೊರೆದ ನೆಲದೊಳಗಿನ ಮನೆ. ಗಾರೆಯಿಲ್ಲ, ಬೆಸುಗೆಯಿಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಒಳಗೆ ಕಪ್ಪು ಮತ್ತು ಕೆಂಪು ಬಣ್ಣದ ನುಣುಪಾದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು, ಮತ್ತು ಮೂಳೆಗಳು. ಈ ಮೂಳೆಗಳು ಒಬ್ಬನವಲ್ಲ, ಹಲವರವು. ಇಡಿಯ ಅಸ್ಥಿಪಂಜರಗಳಲ್ಲ, ಆಯ್ದು ತಂದಿರಿಸಿದ ಬಿಡಿ ಎಲುಬುಗಳು. ಹೆಣವನ್ನು ಮೊದಲು ಬೇರೆಡೆ ಇರಿಸಿ, ಮಾಂಸವೆಲ್ಲ ಕರಗಿಹೋದ ಮೇಲೆ ಎಲುಬುಗಳನ್ನು ಕೂಡಿಸಿ ಈ ಗೂಡಿನಲ್ಲಿ ತಂದಿಟ್ಟರೆಂದೂ, ಆ ಬರಿಯ ಗುಂಡಿಗಳೇ ಪ್ರಾಯಶಃ ಹೆಣವನ್ನು ಮೊದಲು ಇರಿಸುತ್ತಿದ್ದ ಸ್ಥಳಗಳೆಂದೂ ವೀಲರರು ಊಹಿಸಿದರು. ಈ ಸಮಾಧಿಗಳಿಗೆ ಅವರು ಕ್ರಿ.ಪೂ. 200ರಿಂದ ಕ್ರಿ.ಶ. ಮೊದಲ ಶತಮಾನದ ನಡುಭಾಗದವರೆಗಿನ ಕಾಲವನ್ನು ನಿರ್ದೇಶಿಸಿದರು. ಅನಂತರ ದಕ್ಷಿಣದ ಇತರ ನೆಲೆಗಳಲ್ಲಿ ಇಂಗಾಲದ ಪರೀಕ್ಷೆಯಿಂದ ದೊರೆತ ಕಾಲಮಾನಗಳು ಈ ಸಂಪ್ರದಾಯದ ಆರಂಭವನ್ನು ಕ್ರಿ.ಪೂ. 1000ದಷ್ಟು ಹಿಂದಕ್ಕೆ ಕೊಂಡೊಯ್ದಿವೆ.

ಪೂರ್ವದ ಚಪ್ಪಡಿಯಲ್ಲಿ ಕೊರೆದ ಆ ಕಂಡಿಯ ಮುಂದೆ ಸ್ವಲ್ಪ ನಿಲ್ಲಬೇಕು. ಸತ್ತವನನ್ನು ಒಮ್ಮೆ ಹುಗಿದು ಮುಚ್ಚಿಬಿಡುವುದಾದರೆ ಬಾಗಿಲಿನ ಅಗತ್ಯವಿಲ್ಲ. ಬಾಗಿಲನ್ನು ಇಟ್ಟವರು ಮತ್ತೆ ಬರುವ ಉದ್ದೇಶವುಳ್ಳವರು: ಒಬ್ಬರ ಬಳಿಕ ಒಬ್ಬರ ಎಲುಬನ್ನು ತಂದು ಸೇರಿಸುವುದಕ್ಕೋ, ಮಡಕೆಯಲ್ಲಿ ಅನ್ನವನ್ನೋ ನೀರನ್ನೋ ಇಡುವುದಕ್ಕೋ. ಆ ಗೂಡಿನಲ್ಲಿ ತಂದೆ ಯಾರು, ತಾತ ಯಾರು, ದಾಯಾದಿ ಯಾರು ಎಂಬ ಭೇದವು ಅಳಿದುಹೋಗಿ, ಹೆಸರುಗಳೆಲ್ಲ ಕಲಸಿಕೊಂಡು, ಹಿರಿಯರು ಎಂಬ ಒಂದೇ ಸಮುದಾಯವು ಉಳಿಯುತ್ತಿತ್ತು. ಇಂಥ ಶಿಲಾಗೃಹಗಳನ್ನು ಕನ್ನಡ ನಾಡಿನ ಹಳ್ಳಿಗರು ಮೋರ್ಯರ ಮನೆಗಳೆಂದೂ ಪಾಂಡವರ ಗುಡಿಗಳೆಂದೂ ಕರೆದು, ತಮ್ಮ ಪೂರ್ವಿಕರನ್ನು ಅನ್ಯರೆಂದೇ ಭಾವಿಸಿ ಬಹುಕಾಲ ಕಳೆದರು. ಮೂರು ಸಾವಿರ ವರ್ಷಗಳಾದ ಮೇಲೆ ಹಿರಿಯರಿಗೆ ಸಲ್ಲುವ ಮರ್ಯಾದೆ ಬಹುಶಃ ಇಷ್ಟೇ.

ಬ್ರಹ್ಮಗಿರಿಯ ಶಾಸನವು ಈ ಸಮಾಧಿಗಳಿಗೆ ಎಷ್ಟು ಸಮೀಪದಲ್ಲಿದೆಯೋ ಅಭಿಪ್ರಾಯದಲ್ಲಿ ಅಷ್ಟೇ ದೂರದಲ್ಲಿದೆ. ಸುವರ್ಣಗಿರಿಯ ಆರ್ಯಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಬೋಧೆಯಲ್ಲಿ ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳಲ್ಲಿ ಉಚಿತವಾಗಿ ನಡೆದುಕೊಳ್ಳಬೇಕು ಎಂದು ವಿಧಿಸಿ, ಇದು ಪುರಾತನವಾದ ಪದ್ಧತಿಯೆಂದು ಸೇರಿಸಿದೆ. ಇಲ್ಲಿನ ತಾಯಿತಂದೆಗಳು ಬದುಕಿರುವವರು. ಸತ್ತವರಿಗೆ ಏನು ಮಾಡಬೇಕೆಂಬ ಮಾತು ಅಲ್ಲಿಲ್ಲ. ಬಯಲಿನ ತುಂಬ ಸತ್ತವರ ಮನೆಗಳನ್ನು ಕಟ್ಟಿಕೊಂಡಿದ್ದ ಸೀಮೆಯೊಂದಕ್ಕೆ, ಇದ್ದಾಗ ನೋಡಿಕೊಳ್ಳಿರಿ ಎಂದು ಪಾಟಲೀಪುತ್ರದ ಅರಸನು ಕಲ್ಲಿನ ಮೇಲೆ ಬರೆಸಿದನೆಂದು ಯಾರಾದರೂ ವ್ಯಾಖ್ಯಾನಿಸಿದರೆ ಅದು ಶಾಸನಕ್ಕೆ ಮೀರಿದ ಅರ್ಥವಾದೀತು. ಆದರೂ ಆ ಬಂಡೆಯ ಮುಂದೆ ನಿಂತವನಿಗೆ ಅದು ಹೊಳೆಯದೆ ಇರದು.

ಇನ್ನು ಮಣ್ಣಿನ ಮೇಲಿನ ಸಾಕ್ಷ್ಯ. ಈ ಸೀಮೆಯ ಬಹುಮಂದಿ ಇಂದಿಗೂ ಸತ್ತವರನ್ನು ಮಣ್ಣು ಮಾಡುವವರು. ಸ್ವಂತ ಹೊಲವುಳ್ಳವನಿಗೆ ಹೊಲದ ಅಂಚಿನಲ್ಲಿ ಗುಣಿ, ಇಲ್ಲದವನಿಗೆ ಊರ ಹೊರಗಿನ ಸ್ಮಶಾನ. ಬಂದವರೆಲ್ಲರೂ ಹಿಡಿ ಹಿಡಿ ಮಣ್ಣನ್ನು ಹಾಕಿದ ಮೇಲೆ ನರಿನಾಯಿಗಳು ಕೆದಕದಂತೆ ಮೇಲೆ ಕಲ್ಲನ್ನೂ ಜಾಲಿಯ ಮುಳ್ಳನ್ನೂ ಹೇರುತ್ತಾರೆ. ಮೂರನೆಯ ದಿನವೋ ಐದನೆಯ ದಿನವೋ ಹಾಲು ತುಪ್ಪ. ಮನೆಯವರೂ ಬೀಗರೂ ಸಮಾಧಿಗೆ ಹೋಗಿ, ಮಣ್ಣನ್ನು ಸರಿಪಡಿಸಿ, ನೀರು ಚಿಮುಕಿಸಿ, ಹೂವು ಊದುಬತ್ತಿಗಳನ್ನಿರಿಸಿ, ಸತ್ತವನ ತಲೆಯ ಕಡೆಗೆ ಹಾಲನ್ನೂ ತುಪ್ಪವನ್ನೂ ಬಿಟ್ಟು, ಅವನು ಬದುಕಿದ್ದಾಗ ಪ್ರೀತಿಸಿದ್ದನ್ನೆಲ್ಲ ಎಲೆಯ ಮೇಲೆ ಎಡೆಯಾಗಿ ಬಡಿಸುತ್ತಾರೆ. ಇಲ್ಲಿ ಶಾಸ್ತ್ರಕ್ಕಿಂತ ರುಚಿಯೇ ಪ್ರಮಾಣ. ಮುದ್ದೆ, ಸಾರು, ಮಾಂಸ ತಿನ್ನುವವನಾಗಿದ್ದರೆ ಮಾಂಸ, ಎಲೆಯಡಿಕೆ, ಸೇದುವವನಾಗಿದ್ದರೆ ಒಂದು ಕಟ್ಟು ಬೀಡಿ, ಕುಡಿಯುವವನಾಗಿದ್ದರೆ ಅದೂ ಕೂಡ. ಬದುಕಿದ್ದಾಗ ಅದನ್ನು ಬಿಡಿಸಲು ಹೆಂಡತಿ ಪಟ್ಟ ಪಾಡು ಆ ಹೊತ್ತಿಗೆ ಗಣನೆಗೆ ಬಾರದು. ಬಳಿಕ ದೂರ ಸರಿದು ಕಾಗೆಗಾಗಿ ಕಾಯುತ್ತಾರೆ. ಕಾಗೆ ಬೇಗನೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟದಿದ್ದರೆ ಅವನ ಮನಸ್ಸಿನಲ್ಲಿ ಏನೋ ಉಳಿದಿದೆಯೆಂದು ಒಬ್ಬರ ಮುಖವನ್ನೊಬ್ಬರು ನೋಡಿ, ‘ಮಗಳ ಮದುವೆ ನಾವು ಮಾಡ್ತೀವಪ್ಪ, ಯೋಚ್ನೆ ಮಾಡ್ಬೇಡ’ ಎಂದೋ ‘ನಿನ್ನ ಸಾಲ ತೀರಿಸ್ತೀವಿ, ಬಾ ಉಣ್ಣು’ ಎಂದೋ ಗಟ್ಟಿಯಾಗಿ ಮಾತು ಕೊಡುತ್ತಾರೆ. ಸಾಕ್ಷಿಗಳ ಸಮ್ಮುಖದಲ್ಲಿ ಕೊಟ್ಟ ಈ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲದಿರಬಹುದು, ಊರಿನಲ್ಲಿ ಉಂಟು.

ಎಲ್ಲರದೂ ಒಂದೇ ಕ್ರಮವಲ್ಲ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳಿಂದ ಕ್ರಿಯಾಸಮಾಧಿ ಮಾಡುವುದು ರೂಢಿ. ಲಿಂಗದಲ್ಲಿ ಐಕ್ಯನಾದವನಿಗೆ ಪಿಂಡವೂ ಸೂತಕವೂ ಸಿದ್ಧಾಂತದಂತೆ ಇಲ್ಲ. ಮ್ಯಾಸಬೇಡರ ವಿಷಯವಾಗಿ, ಊರ ಬೇಡರು ಹೂಳುವವರೆಂದೂ ಮ್ಯಾಸಬೇಡರು ಸುಟ್ಟು ಮರುದಿನ ಬೂದಿಯನ್ನು ಐದು ತಂಗಡಿ ಗಿಡಗಳ ಮೇಲೆ ಎರಚುವರೆಂದೂ ಇಪ್ಪತ್ತನೆಯ ಶತಮಾನದ ಆದಿಯ ಜನಾಂಗವಿವರಣೆಗಳು ಬರೆದಿಟ್ಟಿವೆ. ಬರದಲ್ಲಿಯೂ ಹೂ ಬಿಡುವ ಆ ಗಿಡದ ಮೇಲೆ ಬೂದಿಯು ನಿಂತಷ್ಟು ಹೊತ್ತೇ ಗುರುತು. ಒಂದು ಗಾಳಿಗೆ ಅದೂ ಇಲ್ಲ.

ಹೂಳಿದರೂ ಸುಟ್ಟರೂ, ಹನ್ನೊಂದನೆಯ ದಿನದ ಕಾರ್ಯವು ಮುಗಿದ ಮೇಲೆ ಸಾಮಾನ್ಯನ ಸಮಾಧಿಗೆ ಹೋಗಿಬರುವುದು ವಿರಳವಾಗುತ್ತದೆ. ವರ್ಷದ ತಿಥಿಗೆ ಒಮ್ಮೆ ಹೋದಾರು. ಅಲ್ಲಿಂದಾಚೆಗೆ ಸತ್ತವನು ಗುಣಿಯನ್ನು ಬಿಟ್ಟು ಮನೆಗೆ ಬರುತ್ತಾನೆ. ಭಾದ್ರಪದದ ಕೃಷ್ಣಪಕ್ಷದಲ್ಲಿ, ವಿಶೇಷವಾಗಿ ಮಹಾಲಯ ಅಮಾವಾಸ್ಯೆಯಂದು, ನಡುಮನೆಯನ್ನು ಸಾರಿಸಿ, ಕಳಶವನ್ನು ಸ್ಥಾಪಿಸಿ, ಹಿರಿಯರ ಹೆಸರಿನಲ್ಲಿ ತಂದ ಹೊಸ ಪಂಚೆ ಸೀರೆಗಳನ್ನು ಅದರ ಮುಂದಿರಿಸಿ, ಮಾಡಿದ ಅಡಿಗೆಯನ್ನೆಲ್ಲ ಎಡೆಯಿಟ್ಟು, ಧೂಪವನ್ನು ಹಾಕಿ, ಮನೆಯವರೆಲ್ಲರೂ ಹೊರಗೆ ಬಂದು ಕ್ಷಣಕಾಲ ಬಾಗಿಲನ್ನು ಮುಚ್ಚಿಕೊಳ್ಳುತ್ತಾರೆ, ಉಣ್ಣುವವರಿಗೆ ಸಂಕೋಚವಾಗಬಾರದೆಂದು. ಆ ಒಂದು ಕಳಶದಲ್ಲಿ ಹೆಸರು ನೆನಪಿರುವವರೂ ನೆನಪಿಲ್ಲದವರೂ ಒಟ್ಟಾಗಿ ಬಂದು ಕುಳಿತಿರುತ್ತಾರೆಂಬ ಭಾವನೆ. ಕಬ್ಬಿಣದ ಯುಗದ ಕಲ್ಲುಗೂಡಿನಲ್ಲಿ ಎಲುಬುಗಳು ಕಲಸಿಕೊಂಡಂತೆ ಇಲ್ಲಿ ಹೆಸರುಗಳು ಕಲಸಿಕೊಳ್ಳುತ್ತವೆ. ವ್ಯತ್ಯಾಸವೆಂದರೆ ಸತ್ತವರು ಮತ್ತೆ ಒಲೆಯ ಸಮೀಪಕ್ಕೆ ಹಿಂದಿರುಗಿದ್ದಾರೆ.

ಇದು ಸ್ವಾಭಾವಿಕವೆಂದು ನಮಗೆ ತೋರುವುದು ನಾವು ಇದರಲ್ಲಿ ಬೆಳೆದುದರಿಂದ ಮಾತ್ರ. ಚೀನ ದೇಶವು ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆಯಿತು. ಅಲ್ಲಿ ಪ್ರಾಚೀನ ಕಾಲದಲ್ಲಿ ಪಿತೃಪೂಜೆಯ ಸ್ಥಳ ಕುಲದ ದೇವಾಲಯವೇ ಹೊರತು ಸಮಾಧಿಯಲ್ಲ. ಕ್ರಿ.ಶ. 58ರಲ್ಲಿ ಹಾನ್ ವಂಶದ ಮಿಂಗ್ ಚಕ್ರವರ್ತಿಯು ತನ್ನ ತಂದೆಯ ಸಮಾಧಿಯ ಬಳಿಗೇ ಆಸ್ಥಾನವನ್ನು ಕರೆದೊಯ್ದು ವರ್ಷಾರಂಭದ ವಿಧಿಯನ್ನು ನಡೆಸಿದನು. ಅರಸನು ನಡೆದ ದಾರಿ ಕ್ರಮೇಣ ಪ್ರಜೆಗಳ ದಾರಿಯಾಯಿತು. 732ರಲ್ಲಿ ತಾಂಗ್ ವಂಶದ ಷ್ವಾನ್‌ಜಾಂಗನು, ಒಲೆಯನ್ನು ಹೊತ್ತಿಸದೆ ತಂಗಳನ್ನು ಉಣ್ಣುವ ವಸಂತದ ಹಬ್ಬದಂದು ಜನರು ಸಮಾಧಿಗಳಿಗೆ ಹೋಗುವ ಪದ್ಧತಿಯು ಪ್ರಾಚೀನ ಗ್ರಂಥಗಳಲ್ಲಿ ಇಲ್ಲದಿದ್ದರೂ ರೂಢಿಯಲ್ಲಿ ಬಲವಾಗಿದೆಯೆಂದು ಕಂಡು, ಅದನ್ನು ರಾಜ್ಯದ ವಿಧಿಗಳಲ್ಲಿಯೇ ಸೇರಿಸಿಬಿಟ್ಟನು. ಆ ಹಬ್ಬವು ಮುಂದೆ, ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬರುವ ಛಿಂಗ್‌ಮಿಂಗ್ ಎಂಬ ದಿನದಲ್ಲಿ ಲೀನವಾಯಿತು. ಆ ದಿನ ಚೀನೀ ಕುಟುಂಬವು ಹಿರಿಯರ ಸಮಾಧಿಗೆ ಹೋಗಿ ಕಳೆಯನ್ನು ಕಿತ್ತು, ಕಸವನ್ನು ಗುಡಿಸಿ, ಶಿಲೆಯ ಮೇಲಿನ ಅಕ್ಷರಗಳಿಗೆ ಬಣ್ಣವನ್ನು ತುಂಬಿ, ಊದುಬತ್ತಿಯನ್ನು ಹಚ್ಚಿ, ಅನ್ನ ಮಾಂಸ ಮದ್ಯಗಳನ್ನು ಇಟ್ಟು, ವಯಸ್ಸಿನ ಕ್ರಮದಲ್ಲಿ ತಲೆಬಾಗಿ, ಪರಲೋಕದಲ್ಲಿ ಚಲಾವಣೆಯಾಗುವ ಕಾಗದದ ಹಣವನ್ನು ಸುಡುತ್ತದೆ. ಬಳಿಕ ಎಡೆಯಿಟ್ಟ ಅಡಿಗೆಯನ್ನು ಅಲ್ಲಿಯೇ ಕುಳಿತು ಉಣ್ಣುವುದೂ ಉಂಟು.

ಇದನ್ನು ನೋಡಲು ಚೀನಕ್ಕೇ ಹೋಗಬೇಕಾಗಿಲ್ಲ. ಕಲ್ಕತ್ತೆಯ ಕೆಳಗೆ, ಬಜ್‌ಬಜ್‌ನ ಆಚೆ, ಹೂಗ್ಲಿಯ ದಡದ ಅಚಿಪುರವೆಂಬ ಊರಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬಂದು ನೆಲಸಿ ಸಕ್ಕರೆಯ ಕಾರ್ಖಾನೆಯನ್ನು ನಡೆಸಿದ ಆಚಿ ಎಂಬ ಚೀನೀಯನ, ಕುದುರೆಲಾಳದ ಆಕಾರದ ಕೆಂಪು ಸಮಾಧಿಯಿದೆ. ವಾರನ್ ಹೇಸ್ಟಿಂಗ್ಸನಿಂದ ಭೂಮಿಯನ್ನು ಪಡೆದ ಈತನನ್ನು ಕಲ್ಕತ್ತೆಯ ಚೀನೀಯರು ತಮ್ಮೆಲ್ಲರ ಮೂಲಪುರುಷನೆಂದು ಎಣಿಸಿ, ತಮ್ಮ ಹೊಸ ವರ್ಷದ ಅನಂತರ ಅಲ್ಲಿಗೆ ಹೋಗಿ ಪೂಜೆ ಸಲ್ಲಿಸುತ್ತಾರೆ. ಆತನ ರಕ್ತಸಂಬಂಧಿಗಳಲ್ಲದವರೂ ಹೋಗುತ್ತಾರೆಂಬುದು ಗಮನಾರ್ಹ.

ಹಾಲು ತುಪ್ಪದ ಎಲೆಗೂ ಛಿಂಗ್‌ಮಿಂಗಿನ ಎಡೆಗೂ ಸಾದೃಶ್ಯವು ಮೇಲ್ನೋಟಕ್ಕೇ ಎದ್ದುಕಾಣುತ್ತದೆ. ಭೇದವಿರುವುದು ಕಾಲದಲ್ಲಿ. ಚೀನೀಯನು ತನ್ನ ತಾತನ ತಾತನ ಸಮಾಧಿಯನ್ನೂ ಗುಡಿಸಬೇಕಾದವನು. ಅಲ್ಲಿ ಸಮಾಧಿಶಿಲೆಯು ವಂಶಾವಳಿಯ ಪತ್ರ, ಮನೆತನದ ಹಕ್ಕು ಬಾಧ್ಯತೆಗಳಿಗೆ ಆಧಾರ. ನಮ್ಮ ಬಯಲುಸೀಮೆಯ ರೈತನಾದರೋ ತಂದೆಯ ಗುಣಿಯ ಮೇಲೆ ಕಲ್ಲನ್ನು ಪೇರಿಸಿ, ಮೊಮ್ಮಗನ ಕಾಲಕ್ಕೆ ಅದರ ಮೇಲೆಯೇ ನೇಗಿಲು ಹರಿದರೆ ಅದನ್ನು ಅಪಚಾರವೆಂದು ಎಣಿಸನು. ಹಿರಿಯನು ಅಷ್ಟರಲ್ಲಿ ಮನೆ ಸೇರಿಕೊಂಡಿದ್ದಾನೆ. ಇದನ್ನು ಅಲಕ್ಷ್ಯವೆಂದು ನಿಂದಿಸುವುದು ಸುಲಭ. ಅಲಕ್ಷ್ಯವಲ್ಲ, ಇದೊಂದು ಮಿತವ್ಯಯ. ಎಕರೆಗೆ ಎರಡು ಚೀಲ ಬೆಳೆದರೆ ಪುಣ್ಯವೆನ್ನುವ ಭೂಮಿಯಲ್ಲಿ ಸತ್ತವರೆಲ್ಲರೂ ಶಾಶ್ವತವಾಗಿ ಜಾಗವನ್ನು ಹಿಡಿದುಕೊಂಡರೆ ಇರುವವರು ಉಳುವುದೆಲ್ಲಿ?

ಆದರೆ ಈ ನಿಯಮಕ್ಕೆ ಪ್ರಬಲವಾದ ಅಪವಾದವೊಂದುಂಟು. ಮನೆಯ ಹಿರಿಯನ ಸಮಾಧಿಯನ್ನು ಮರೆಯುವ ಈ ಜನರು ಊರಿನ ಹಿರಿಯನ ಸಮಾಧಿಯನ್ನು ಎಂದಿಗೂ ಬಿಡರು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಐಕ್ಯಸ್ಥಳವಾದ ಹೊರಮಠಕ್ಕೆ ಫಾಲ್ಗುಣ ಮಾಸದ ಜಾತ್ರೆಯಲ್ಲಿ ಸೇರುವ ಜನಸ್ತೋಮವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದನೆಂದು, ಮಾಡಿದ ಕೆಲಸಕ್ಕೆ ತಕ್ಕ ಕೂಲಿಯನ್ನು ಕೊಡಿಸಿದನೆಂದು ಜನರು ನೆನೆಯುವ ಈ ಶರಣನ ಗದ್ದುಗೆಗೆ ನಡೆದುಕೊಳ್ಳುವವರಲ್ಲಿ ಜಾತಿಯ ಮಿತಿಯಿಲ್ಲ. ಭಕ್ತರು ಹರಕೆಯಾಗಿ ಒಣಕೊಬ್ಬರಿಯನ್ನು ರಾಶಿ ರಾಶಿಯಾಗಿ ತಂದು ಅಲ್ಲಿ ಬೆಂಕಿಗೆ ಹಾಕುತ್ತಾರೆ. ಆ ಹೊಗೆಯೂ ಎಣ್ಣೆಯ ಕಮಟೂ ಜಾತ್ರೆಯ ತುಂಬ ಹಬ್ಬಿರುತ್ತವೆ. ಚೀನೀಯನು ಸುಡುವುದು ಕಾಗದದ ಹಣ, ಸಂಕೇತ ಮಾತ್ರ. ಇಲ್ಲಿ ಸುಡುವುದು ತಿನ್ನಬಹುದಾದ, ಮಾರಬಹುದಾದ, ಅಂಗಡಿಯಿಂದ ಹಣ ಕೊಟ್ಟು ತಂದ ಪದಾರ್ಥ. ಮೇಲೆ ಹೇಳಿದ ಮಿತವ್ಯಯವು ಈ ಬೆಂಕಿಯ ಮುಂದೆ ನಿಲ್ಲುವುದಿಲ್ಲ. ಮನೆಯ ತಾತನಿಗೆ ಎರಡು ಗೇಣು ನೆಲವನ್ನು ಬಿಡಲೊಲ್ಲದವನು ಊರಿನ ತಾತನಿಗಾಗಿ ಕೊಬ್ಬರಿಯನ್ನು ಬೂದಿ ಮಾಡುತ್ತಾನೆ.

ಬೇಡರ ಗಾದ್ರಿಪಾಲನಾಯಕನ ಕಥೆ ಇನ್ನೂ ಸ್ವಾರಸ್ಯವಾದುದು. ದನಗಳನ್ನು ಕಾಯುತ್ತ ಹುಲಿಯೊಡನೆ ಹೋರಾಡಿ ಮಡಿದನೆಂದು ಮ್ಯಾಸಬೇಡರು ಹಾಡುವ ಈ ವೀರನಿಗಾಗಿ ಬಚ್ಚಬೋರನಹಟ್ಟಿಯ ಜನರು ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು, ದಾರಿಯಲ್ಲಿ ಬೀಡು ಬಿಡುತ್ತ, ಮಿಂಚೇರಿಯ ನೆಲೆಗೆ ಹೋಗುತ್ತಾರೆ. ಅಲ್ಲಿ ನಾಯಕನಿಗೆ ಪೂಜೆಯಾಗುವಂತೆ ಅವನೆದುರು ಕಾದಿದ ಹುಲಿಗೂ ಪೂಜೆಯುಂಟು. ಕೊಂದವನಿಗೂ ಸತ್ತವನಿಗೂ ಒಂದೇ ಎಡೆಯನ್ನು ಬಡಿಸುವ ಔದಾರ್ಯವನ್ನು ಯಾವ ಧರ್ಮಶಾಸ್ತ್ರವೂ ವಿಧಿಸಿದಂತಿಲ್ಲ. ಸಿದ್ದಾಪುರಕ್ಕೆ ಸಮೀಪದ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿಯೂ ಇಂಥದೇ ಒಂದು ನಂಬಿಕೆ ನೆಲೆಯೂರಿದೆ. ರಾವಣನ ಕೈಯಲ್ಲಿ ರೆಕ್ಕೆ ಕಡಿಸಿಕೊಂಡ ಜಟಾಯು ಬಿದ್ದುದು ಅಲ್ಲಿಯೇ ಎಂದೂ, ರಾಮನು ಅವನಿಗೆ ಅಂತ್ಯಕ್ರಿಯೆಯನ್ನು ಮಾಡಿ ಲಿಂಗವನ್ನು ಸ್ಥಾಪಿಸಿದನೆಂದೂ ಸ್ಥಳಪುರಾಣ. ತಂದೆಯ ಉತ್ತರಕ್ರಿಯೆಗೆ ಅಯೋಧ್ಯೆಯಲ್ಲಿರದಿದ್ದ ರಾಮನು, ತಂದೆಯ ಸ್ನೇಹಿತನಾದ ಹಕ್ಕಿಗೆ ಈ ಕಲ್ಲುಬೆಟ್ಟದಲ್ಲಿ ಮಗನ ಕರ್ತವ್ಯವನ್ನು ಮಾಡಿದನೆಂಬ ಕಥೆಯನ್ನು ಈ ಸೀಮೆಯ ಜನರು ತಮ್ಮದಾಗಿ ಮಾಡಿಕೊಂಡುದು ಆಶ್ಚರ್ಯವಲ್ಲ. ರಕ್ತಸಂಬಂಧವಿಲ್ಲದವನನ್ನೂ ಹಿರಿಯನೆಂದು ಸ್ವೀಕರಿಸಿ ಅವನ ಸಮಾಧಿಗೆ ನಡೆದುಕೊಳ್ಳುವುದು ಇವರಿಗೆ ಮೊದಲೇ ಅಭ್ಯಾಸವಾದ ವಿದ್ಯೆ.

ಕಾಲವು ಎರಡು ದೇಶಗಳಲ್ಲಿಯೂ ಸಮಾಧಿಗಳ ಮೇಲೆ ಕೈಯಿಟ್ಟಿದೆ. 1956ರ ಏಪ್ರಿಲ್‌ನಲ್ಲಿ ಮಾವೋ ಮೊದಲಾದ ಮುಖಂಡರು ತಮ್ಮ ದೇಹಗಳನ್ನು ಸುಡಬೇಕೆಂಬ ಪತ್ರಕ್ಕೆ ಸಹಿ ಹಾಕಿದಂದಿನಿಂದ ಚೀನ ಸರ್ಕಾರವು ದಹನವನ್ನು ಪ್ರೋತ್ಸಾಹಿಸುತ್ತ ಬಂದಿದೆ. ಹಾಗಿದ್ದೂ 2008ರಿಂದ ಛಿಂಗ್‌ಮಿಂಗ್ ದಿನವನ್ನು ಅದೇ ಸರ್ಕಾರವು ಸಾರ್ವಜನಿಕ ರಜೆಯನ್ನಾಗಿ ಮಾಡಿದೆ, ಜನರು ಬೂದಿಯ ಭರಣಿಗಳಿರುವ ಗೋಡೆಗೂಡುಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ದೇವಸಮುದ್ರದ ಕಡೆ ಬದಲಾವಣೆಗೆ ಆಜ್ಞೆ ಬೇಕಾಗಲಿಲ್ಲ, ಹೊಲಗಳು ಮಾರಾಟವಾಗುತ್ತಿವೆ. ಕೊಂಡವನಿಗೆ ಬದುವಿನ ಗುಪ್ಪೆಯು ಬರಿಯ ಕಲ್ಲು. ಮಾರಿದವನು ಬೆಂಗಳೂರಿನಲ್ಲಿಯೋ ಬಳ್ಳಾರಿಯಲ್ಲಿಯೋ ಕಟ್ಟಡದ ಕೆಲಸಕ್ಕೆ ಹೋಗಿ, ಮಹಾಲಯ ಅಮಾವಾಸ್ಯೆಯ ದಿನ ಬಾಡಿಗೆಯ ಕೋಣೆಯಲ್ಲಿಯೇ ಒಂದು ಚೊಂಬನ್ನಿರಿಸಿ, ಅದಕ್ಕೊಂದು ಹೊಸ ಟವೆಲನ್ನು ಹೊದಿಸಿ, ಎಡೆಯಿಟ್ಟು ಬಾಗಿಲನ್ನು ಎಳೆದುಕೊಂಡು ಹೊರಗೆ ನಿಂತಿರುತ್ತಾನೆ. ಪಕ್ಕದ ಕೋಣೆಯವನು ಏಕೆ ಹೊರಗೆ ನಿಂತಿದ್ದೀರೆಂದು ಕೇಳಿದರೆ, ‘ನಮ್ಮ ಹಿರೇರು ಉಣ್ತಾ ಅದಾರೆ’ ಎಂದು ಹೇಳುವುದರಲ್ಲಿ ಅವನಿಗೆ ಯಾವ ನಾಚಿಕೆಯೂ ಇಲ್ಲ.